ಕಾಫಿ ರಾಶಿಯೊಳಗೆ ಒಂದು ಗಿಟಾರು

ಬಸ್ಸು ಸುಂಟಿಕೊಪ್ಪದ ಪೇಟೆ ದಾಟಿ ಮಡಿಕೇರಿ ಕಡೆಯ ಏರು ಹತ್ತುತ್ತಿದ್ದಂತೆ ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ಇದೆಂಥ ನಾತ, ಕಿಟಕಿ ಹಾಕಿ ಅಂದರು. ನಾನು ಹಾಕಲಿಲ್ಲ. ಇನ್ನೂ ಸ್ವಲ್ಪ ತೆಗೆದೆ. ರಸ್ತೆ ಪಕ್ಕದ ಯಾವುದೋ ತೋಟದ ಕಣದಲ್ಲಿ ಅರ್ಧ ಒಣಗಿದ ಕಾಫಿ ಹಣ್ಣು ಹರಡಿದ್ದರು. ಬೆಲ್ಲ ಹುಳಿ ಬಂದರೆ ಹೇಗೋ ಹಾಗಿರುತ್ತದೆ ಆ ವಾಸನೆ. ಅರಕಲಗೂಡಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ ಆರು ವರ್ಷವಾಯಿತು, ಆ ವಾಸನೆ ಮರೆತೇಹೋಗಿದೆ ಅಂದುಕೊಂಡಿದ್ದೆ. ಎಲ್ಲಿ ಮರೆಯುವುದು! ನನ್ನ ಎಡಗೈ ತನ್ನಷ್ಟಕ್ಕೆ ಎದುರು ಸೀಟಿನ ಕಂಬಿ ಹಿಡಿದುಕೊಂಡು ಮೂರು ಬೆರಳು ಒತ್ತಿ ಕೂತಿತ್ತು. ಟ್ರೈನಿಂಗಿಗೆ ಅಂತ ಮಡಿಕೇರಿಗೆ ಹೊರಟಿದ್ದ ನಾನು ಆ ತಿರುವಿನಿಂದ ಮುಂದಕ್ಕೆ ಎಂಟನೇ ಕ್ಲಾಸಿನ ಹುಡುಗಿಯಾಗಿ ಪ್ರಯಾಣ ಮಾಡಿದೆ.

ನನ್ನ ಅಪ್ಪ ಆಗ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮಲ್ಲಪ್ಪ ಅಂತ ಹೆಸರಿದ್ದರೂ ಊರಿಗೆಲ್ಲ ರೈಟರೇ. ಕೊಡ್ಲಿಪೇಟೆ ಕಡೆಯಿಂದ ಬಂದ ನಾವು ತೋಟದ ಕ್ವಾರ್ಟರ್ಸಿನಲ್ಲಿದ್ದೆವು. ಪಿಕ್ಕಿಂಗ್ ಶುರುವಾದ ಮೇಲೆ ಅಪ್ಪನ ಕೆಲಸ ಕಣದಲ್ಲಿ. ಕೊಯ್ದು ತಂದ ಹಣ್ಣನ್ನು ಸಿಮೆಂಟಿನ ಕಣದ ಮೇಲೆ ತೆಳ್ಳಗೆ ಹರಡಿ, ಅರ್ಧ ಗಂಟೆಗೊಮ್ಮೆ ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಮಗುಚಿ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚಿಸುವುದು. ಅದರಲ್ಲಿ ಅಪ್ಪನದು ಎತ್ತಿದ ಕೈ. ರಾಶಿಯೊಳಗೆ ಮೊಣಕೈ ತನಕ ಕೈ ತೂರಿಸಿ, ಒಳಗೆ ಬಿಸಿ ಹತ್ತಿದೆಯೋ ಇಲ್ಲವೋ, ಇನ್ನೆಷ್ಟು ಬಿಸಿಲು ಬೇಕು ಅಂತ ಹೇಳಿಬಿಡುತ್ತಿದ್ದರು. ಜ್ವರ ನೋಡುವ ಡಾಕ್ಟರು ಕೂಡ ಅಷ್ಟು ಗಂಭೀರವಾಗಿರುವುದಿಲ್ಲ.

ಗಿಟಾರಿನ ಗಲಾಟೆ ಶುರುವಾದದ್ದು ನನ್ನ ಬಾಯಿಂದ. ನಮ್ಮ ಕ್ಲಾಸಿಗೆ ಮೈಸೂರಿನಿಂದ ಹೊಸ ಹುಡುಗಿಯೊಬ್ಬಳು ಬಂದಿದ್ದಳು. ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದೆ ಅಂತ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚು. ಒಂದು ದಿನ ತಡೆಯಲಾರದೆ, ನಮ್ಮಪ್ಪ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು, ನನಗೂ ಬರುತ್ತದೆ ಅಂದುಬಿಟ್ಟೆ. ಮೊದಲ ಅರ್ಧ ನಿಜವೇ. ಮದುವೆಗೆ ಮೊದಲು ಎರಡು ವರ್ಷ ಅಪ್ಪ ಕುಶಾಲನಗರದ ಒಂದು ಆರ್ಕೆಸ್ಟ್ರಾದಲ್ಲಿದ್ದರು. ಭುಜದ ತನಕ ಕೂದಲು ಬಿಟ್ಟು, ಕೆಂಪು ಗಿಟಾರು ಹಿಡಿದು ಸ್ಟೇಜಿನ ಮೇಲೆ ನಿಂತ ಅವರ ಫೋಟೋ ನಮ್ಮ ಮನೆಯ ಗೋಡೆಯಲ್ಲಿ ದೇವರ ಪಕ್ಕದಲ್ಲೇ ಇತ್ತು. ಎರಡನೆಯ ಅರ್ಧ ಶುದ್ಧ ಸುಳ್ಳು. ಆದರೆ ನಮ್ಮ ಕನ್ನಡ ಮೇಡಂ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ವಾರ್ಷಿಕೋತ್ಸವಕ್ಕೆ ಅವರೇ ಬರೆದ ಸ್ವಾಗತ ಗೀತೆಯಿತ್ತು. ಐದು ಹುಡುಗಿಯರು ಹಾಡುವುದು, ಗಿಟಾರ್ ಸುಮಾ ಅಂತ ನನ್ನ ಹೆಸರನ್ನು ಪುಸ್ತಕದಲ್ಲಿ ಬರೆದೂಬಿಟ್ಟರು. ವಾರ್ಷಿಕೋತ್ಸವಕ್ಕೆ ಆರು ವಾರ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ನನ್ನದು ಎರಡೂ ಒಂದೇ ದಿನ ಆಯಿತು.

ಸಂಜೆ ಕಣಕ್ಕೆ ಹೋಗಿ ಅಪ್ಪನ ಮುಂದೆ ಅತ್ತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಹಲಗೆಯನ್ನು ಗೋಡೆಗೆ ಒರಗಿಸಿ ಮನೆಗೆ ನಡೆದರು. ಅಟ್ಟ ಹತ್ತಿದ ಸದ್ದು, ಏನೋ ಬಿದ್ದ ಸದ್ದು, ಅವ್ವ ಬೈದ ಸದ್ದು ಎಲ್ಲ ಕಣಕ್ಕೇ ಕೇಳಿಸಿತು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರನ್ನು ಎದೆಗವಚಿಕೊಂಡು ಬಂದರು. ಫೋಟೋದ ಕೆಂಪು ಗಿಟಾರಲ್ಲ, ಕರೆಂಟು ಬೇಡದ ಮರದ ಗಿಟಾರು. ಆರ್ಕೆಸ್ಟ್ರಾ ಬಿಡುವಾಗ ಅದರ ಯಜಮಾನ ಕೊಟ್ಟದ್ದಂತೆ. ತಂತಿಗಳಿಗೆ ತುಕ್ಕು ಹಿಡಿದಿತ್ತು. ಅಪ್ಪನ ಮುಖ ಮಾತ್ರ ಆಗತಾನೆ ಮದುವೆ ಗೊತ್ತಾದವರ ಹಾಗಿತ್ತು. ಮಾರನೇ ದಿನವೇ ಕುಶಾಲನಗರದಿಂದ ಹೊಸ ತಂತಿ ಬಂತು.

ಆದರೆ ಮೊದಲ ನಾಲ್ಕು ದಿನ ನನಗೆ ಗಿಟಾರು ಮುಟ್ಟಲು ಬಿಡಲಿಲ್ಲ. ಹಲಗೆ ಕೊಟ್ಟರು. ಕಾಫಿ ಎಳಿ ಅಂದರು. ಎರಡು ಸಲ ಎಳೆಯುವುದು, ಒಂದು ಸಲ ತಳ್ಳುವುದು, ಒಣಗಿದ ಹಣ್ಣು ಸಿಮೆಂಟಿನ ಮೇಲೆ ಝರ್ರ್ ಝರ್ರ್ ಅನ್ನುವ ಸದ್ದು ಒಂದೇ ಅಳತೆಯಲ್ಲಿ ಬರಬೇಕು. ಸ್ವಲ್ಪ ತಪ್ಪಿದರೆ ಕಣದ ಆ ತುದಿಯಿಂದ ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದರು. ನಾನು ಗಿಟಾರ್ ಕಲಿಯೋಕೆ ಬಂದಿದ್ದು, ಕೂಲಿಗಲ್ಲ ಅಂತ ಸಿಡುಕಿದೆ. ಬಲಗೈಗೆ ತಾಳ ಬರದೆ ಎಡಗೈಗೆ ಏನು ಕೊಟ್ಟರೂ ದಂಡ ಅನ್ನುವುದು ಅವರ ವಾದ. ಐದನೇ ದಿನ ಗಿಟಾರು ತೊಡೆಯ ಮೇಲೆ ಬಂದಾಗ ಬಲಗೈ ತಾನಾಗಿ ಕೆಳಗೆ ಕೆಳಗೆ ಮೇಲೆ ಅಂತ ಓಡಿತು. ನನಗೆ ಆದ ಖುಷಿಗೆ ಕೂಗಿಬಿಟ್ಟೆ. ಹಣ್ಣು ಆರಿಸುತ್ತಿದ್ದ ಹೆಂಗಸರು ಹಾವು ಬಂತೇನೋ ಅಂತ ಎದ್ದು ನಿಂತರು.

ಅಪ್ಪನಿಗೆ ಗೊತ್ತಿದ್ದದ್ದು ಮೂರು ಕಾರ್ಡು, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಮೂರು ಬಗೆ. ಜಿ, ಸಿ, ಡಿ. ಲೋಕದ ಮುಕ್ಕಾಲು ಹಾಡು ಈ ಮೂರರಲ್ಲೇ ಇದೆ, ಉಳಿದ ಕಾಲು ಭಾಗ ಹಾಡುವವರು ನೋಡಿಕೊಳ್ಳುತ್ತಾರೆ ಅನ್ನುತ್ತಿದ್ದರು. ಫೋನಿನಲ್ಲಿ ನೋಡಿ ಇನ್ನೂ ನಾಲ್ಕು ಕಲಿಯೋಣವೆಂದರೆ ನಮ್ಮ ತೋಟದಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ ಮಾತ್ರ. ಹಾಗಾಗಿ ಮೂರೇ. ಸ್ಕೂಲಿಂದ ಬಂದವಳೇ ಕಣಕ್ಕೆ ಓಡುತ್ತಿದ್ದೆ. ಒಂದು ಸಲ ಕಾಫಿ ಎಳೆದು ಇನ್ನೊಂದು ಸಲ ಎಳೆಯುವ ತನಕದ ಅರ್ಧ ಗಂಟೆಯೇ ನನ್ನ ಒಂದು ಪಾಠ. ಭಾನುವಾರವಾದರೆ ಹದಿನಾರು ಪಾಠ. ಬೆರಳ ತುದಿ ಕೆಂಪಾಗಿ ಊದಿ, ಅನ್ನ ಕಲಸಲು ಬಾರದೆ ಚಮಚ ಹಿಡಿದೆ. ಅವ್ವ ಕೊಬ್ಬರಿಎಣ್ಣೆ ಹಚ್ಚಿದರೆ ಅಪ್ಪ ಓಡಿ ಬಂದು ಒರೆಸಿ, ಮೆತ್ತಗೆ ಮಾಡಿದರೆ ಮತ್ತೆ ಮೊದಲಿಂದ ನೋಯಬೇಕು ಅನ್ನುತ್ತಿದ್ದರು. ಗಂಡ ಏರಿಗೆಳೆದರೆ ಹೆಂಡತಿ ನೀರಿಗೆ, ನನ್ನ ಬೆರಳು ನಡುವೆ. ಮ್ಯಾನೇಜರ್ ಜೀಪಿನ ಸದ್ದು ಕೇಳಿದರೆ ಗಿಟಾರು ಚೀಲಗಳ ಹಿಂದೆ, ನನ್ನ ಕೈಯಲ್ಲಿ ಹಲಗೆ. ರೈಟರ ಮಗಳು ಎಷ್ಟು ಕೆಲಸಗಾತಿ ಅಂತ ಅವರು ಒಮ್ಮೆ ಹೊಗಳಿಯೂ ಹೋದರು.

ಅಪ್ಪ ಇಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ. ಗಣೇಶನ ಹಬ್ಬಕ್ಕೆ ಸೋಮವಾರಪೇಟೆಯಲ್ಲಿ ಬಾರಿಸಿದ್ದು, ಮದುವೆಮನೆಯಲ್ಲಿ ಜನ ಕುರ್ಚಿ ಮೇಲೆ ಹತ್ತಿ ಕುಣಿದದ್ದು, ಎಲ್ಲ ಹೇಳುತ್ತಿದ್ದರು. ನಾನು ಅದನ್ನೆಲ್ಲ ಮಾರನೇ ದಿನ ಕ್ಲಾಸಿನಲ್ಲಿ ಉಪ್ಪು ಖಾರ ಹಚ್ಚಿ ಬಡಿಸುತ್ತಿದ್ದೆ. ಮೈಸೂರಿನ ಹುಡುಗಿ ಕೀಬೋರ್ಡಿನ ಸುದ್ದಿ ಎತ್ತುವುದನ್ನೇ ಬಿಟ್ಟಳು. ಐದನೇ ವಾರ ಮುಗಿಯುವಷ್ಟರಲ್ಲಿ ಮೇಡಂ ಬರೆದ ಹಾಡು ಆದಿಯಿಂದ ಅಂತ್ಯದವರೆಗೆ ಬಾರಿಸಲು ಬಂದಿತ್ತು. ಗೆದ್ದೆ ಅಂದುಕೊಂಡೆ.

ಆ ಶನಿವಾರ ಮಧ್ಯಾಹ್ನ ಆಕಾಶ ನೀಲಿಯಾಗಿತ್ತು. ಜನವರಿ ಕೊನೆಯಲ್ಲಿ ಮಳೆ ಬರುತ್ತದೆ ಅಂತ ಯಾರು ನೆನೆಸುತ್ತಾರೆ? ಮೂರೂವರೆಗೆ ಗಾಳಿ ತಿರುಗಿತು. ಬೆಟ್ಟದ ಹಿಂದಿನಿಂದ ಮೋಡ ಎದ್ದದ್ದು ಕಂಡಿತು, ಅಷ್ಟರಲ್ಲಿ ಮೊದಲ ಹನಿ. ಕಣಕ್ಕೆ ಮಳೆ ಬಂದರೆ ಕರೆಯುವವರೆಗೆ ಕಾಯಬಾರದು ಅನ್ನುವುದು ನಮ್ಮ ತೋಟದ ಕಟ್ಟಳೆ. ಕೂಲಿಯವರ ಲೈನ್ ಮನೆಗಳಿಂದ ಜನ ಓಡಿ ಬಂದರು. ನೀರಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದ ಇಬ್ಬರು ಹೆಂಗಸರು ಒಂದೇ ಟಾರ್ಪಾಲಿನ ಎರಡು ತುದಿ ಹಿಡಿದರು. ಅರ್ಧ ಒಣಗಿದ ಹಣ್ಣು, ಆಗಷ್ಟೇ ಕೊಯ್ದು ತಂದು ಸುರಿದಿದ್ದ ಹಸಿ ಹಣ್ಣು, ಎಲ್ಲವನ್ನೂ ಸಿಕ್ಕಿದ ಹಾಗೆ ಬಾಚಿ ಒಂದೇ ರಾಶಿ ಮಾಡಿದೆವು. ಅಪ್ಪನ ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಟಾರ್ಪಾಲು. ಮನೆ ನೂರು ಹೆಜ್ಜೆ ದೂರ. ಅಪ್ಪ ಒಂದು ಕ್ಷಣ ಮನೆ ನೋಡಿದರು, ಒಂದು ಕ್ಷಣ ಕಾಫಿ ನೋಡಿದರು. ಆಮೇಲೆ ಗಿಟಾರನ್ನು ಬೆಡ್‌ಶೀಟ್ ಸಮೇತ ರಾಶಿಯ ನಡುವೆ ತೂರಿಸಿ, ಮೇಲೆ ಕಾಫಿ ಎಳೆದು, ಟಾರ್ಪಾಲು ಮುಚ್ಚಿ ಸುತ್ತಲೂ ಕಲ್ಲು ಹೇರಿಸಿದರು.

ನಮಗೆಲ್ಲ ಎಷ್ಟು ಸಮಾಧಾನ! ಇಡೀ ತೋಟದಲ್ಲಿ ಒಂದು ಹನಿ ನೀರೂ ತಾಗದ ಜಾಗ ಅದೊಂದೇ ಅಂತ ಅವ್ವ ಕೂಡ ಒಪ್ಪಿದರು. ಮಳೆ ಬಿಡಲಿಲ್ಲ. ನಡುವೆ ಟಾರ್ಪಾಲು ತೆಗೆದು ಗಿಟಾರು ಹೊರಗೆಳೆದರೆ ಕಾಫಿ ನೆನೆಯುತ್ತದೆ. ಒಳಗೆ ಬೆಚ್ಚಗೆ ಮಲಗಿರಲಿ ಬಿಡು ಅಂದರು ಅಪ್ಪ. ನಾವು ಹೋಳಿಗೆ ತಿಂದವರ ಹಾಗೆ ನಿಶ್ಚಿಂತೆಯಿಂದ ಮಲಗಿದೆವು.

ಭಾನುವಾರ ಹತ್ತು ಗಂಟೆಗೆ ಬಿಸಿಲು ಬಂತು. ಟಾರ್ಪಾಲು ಸರಿಸಿದ ಕೂಡಲೇ ಇಡ್ಲಿ ಪಾತ್ರೆ ತೆರೆದ ಹಾಗೆ ಹಬೆ ಎದ್ದಿತು. ಅಪ್ಪ ಗಿಟಾರಿಗಾಗಿ ಮೊಣಕೈ ತನಕ ಕೈ ತೂರಿಸಿದರು. ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ಹಸಿ ಹಣ್ಣು ರಾಶಿಯಲ್ಲಿದ್ದರೆ ಹುಳಿ ಬಂದು ಒಳಗೊಳಗೇ ಕುದಿಯುತ್ತದೆ ಅಂತ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಟ್ಟ ಮನುಷ್ಯ, ಕಾಫಿ ಉಳಿಸುವ ಭರದಲ್ಲಿ ಅದನ್ನೇ ಮರೆತಿದ್ದರು. ಹೊರಬಂದ ಗಿಟಾರಿನ ಹೊಟ್ಟೆ ಉಬ್ಬಿತ್ತು. ಮೈಯೆಲ್ಲ ಅಂಟು, ಹುಳಿ ನಾತ. ತಂತಿಗಳನ್ನು ಬುಡದಲ್ಲಿ ಹಿಡಿದಿಡುವ ಮರದ ಪಟ್ಟಿಯ ಗೋಂದು ಬಿಸಿಗೆ ಕರಗಿ, ಪಟ್ಟಿ ಕಿತ್ತುಬಂದು ತಂತಿಗಳಲ್ಲಿ ಜೋತಾಡುತ್ತಿತ್ತು. ವಾರ್ಷಿಕೋತ್ಸವ ಮುಂದಿನ ಶನಿವಾರ.

ನಾನು ಕೂಗಾಡಿದೆ. ನೀನು ತೋಟದ ಸಾಹುಕಾರರ ಕಾಫಿ ಉಳಿಸಿದೆ, ನನ್ನ ಮಾನ ಕಳೆದೆ ಅಂದೆ. ಕಣದ ತುಂಬ ಜನರಿದ್ದರು, ಎಲ್ಲರಿಗೂ ಕೇಳಿಸಿತು. ಅಪ್ಪ ಗಿಟಾರನ್ನು ಎತ್ತಿಕೊಂಡು, ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ ಮನೆಗೆ, ಫಿಟ್ಟರ್ ಮೊಯ್ದು ಕಾಕನ ಹತ್ತಿರ ಹೋದರು. ನಾನೂ ಬಿಡದೆ ಹಿಂದೆ ಹೋದೆ.

ಮೊಯ್ದು ಕಾಕ ಗಿಟಾರನ್ನು ತಿರುವಿ ಮುರುವಿ ನೋಡಿ, 'ಎಂಥ ರೈಟ್ರೇ, ಗಿಟಾರ್ ಬೇಯ್ಸ್ತಾರಾ ಯಾರಾದ್ರೂ?' ಅಂದರು. ಗೋಂದಿನ ಮೇಲೆ ನಂಬಿಕೆ ಇಲ್ಲ, ಮಿಷನ್ನಿನ ಬೋಲ್ಟು ಹಾಕಿ ಬಿಗಿಯುತ್ತೇನೆ, ಕೈಲಾಸಕ್ಕೆ ಹೋದರೂ ಬಿಚ್ಚಲ್ಲ ಅನ್ನುವುದು ಅವರ ತೀರ್ಮಾನ. ಹಾಡುವ ವಸ್ತುವಿಗೆ ಬೋಲ್ಟು ಹೊಡೆಯುವುದೆಂದರೆ! ನನಗೆ ಇನ್ನೂ ಉರಿದುಹೋಯಿತು. ಇದು ಬೇಡವೇ ಬೇಡ, ಕುಶಾಲನಗರಕ್ಕೆ ಹೋಗಿ ನಿನ್ನ ಆರ್ಕೆಸ್ಟ್ರಾದವರ ಹತ್ತಿರ ಒಂದು ಒಳ್ಳೆ ಗಿಟಾರು ಕೇಳಿಕೊಂಡು ಬಾ, ಆ ಕೆಂಪು ಗಿಟಾರನ್ನೇ ತಾ, ಬೇಕಾದರೆ ನೀನೂ ನನ್ನ ಜೊತೆ ಸ್ಟೇಜ್ ಹತ್ತು ಅಂತ ಅಪ್ಪನಿಗೆ ಹೇಳಿದೆ.

ಅಪ್ಪ ನೆಲ ನೋಡಿಕೊಂಡು ನಿಂತರು. ಆಮೇಲೆ, 'ಅವ್ರು ನಗ್ತಾರೆ ಕಣವ್ವ' ಅಂದರು.

ಯಾಕೆ ನಗುತ್ತಾರೆ ಅಂದೆ.

'ನನ್ ಗಿಟಾರಿಗೆ ಕರೆಂಟೇ ಕೊಟ್ಟಿರ್ಲಿಲ್ಲ. ವೈರಿನ ಒಂದು ತುದಿ ಗಿಟಾರಿಗಿತ್ತು. ಇನ್ನೊಂದು ತುದಿ ಕಾರ್ಪೆಟ್ ಕೆಳಗಿತ್ತು.'

ಮೊಯ್ದು ಕಾಕ ಎತ್ತಿಕೊಂಡಿದ್ದ ಡ್ರಿಲ್ಲಿಂಗ್ ಮಿಷನ್ ಕೆಳಗಿಟ್ಟರು. ಅಪ್ಪ ಮೆಲ್ಲಗೆ ಎಲ್ಲ ಹೇಳಿದರು. ಆರ್ಕೆಸ್ಟ್ರಾದ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ ವೈರು ಚುಚ್ಚಲು ಎರಡೇ ತೂತಿತ್ತಂತೆ. ಒಂದು ಕೀಬೋರ್ಡಿಗೆ, ಇನ್ನೊಂದು ದೊಡ್ಡ ಗಿಟಾರಿನವನಿಗೆ. ಅಪ್ಪ ಎತ್ತರದ ಆಳು, ಕೂದಲು ಚೆನ್ನಾಗಿತ್ತು, ಸ್ಟೇಜು ತುಂಬಿ ಕಾಣಬೇಕು ಅಂತ ಯಜಮಾನ ಅವರನ್ನು ನಿಲ್ಲಿಸಿದ್ದ. ಮುಂದಿನ ತಿಂಗಳು ಕನೆಕ್ಷನ್ ಕೊಡುತ್ತೇನೆ ಅನ್ನುತ್ತಲೇ ಎರಡು ವರ್ಷ ದಾಟಿಸಿದ. ಆ ಎರಡು ವರ್ಷವೂ ಅಪ್ಪ ಒಂದು ಹಾಡು ಬಿಡದೆ ಬಾರಿಸಿದ್ದರು. ಡ್ರಮ್ಮಿನ ಗದ್ದಲದಲ್ಲಿ ತನ್ನ ಗಿಟಾರು ತನಗೇ ಕೇಳಿಸುತ್ತಿರಲಿಲ್ಲವಂತೆ.

ನನಗೆ ಮೊದಲು ಬಂದದ್ದು ನಾಚಿಕೆ, ಸುಳ್ಳು ಹೇಳಬಾರದು. ಕ್ಲಾಸಿನಲ್ಲಿ ನಾನು ಊದಿದ್ದ ತುತ್ತೂರಿಯೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಹಾಗಾದರೆ ನಿನಗೆ ಬಾರಿಸೋಕೆ ಬರುತ್ತಿತ್ತೋ ಇಲ್ಲವೋ ಅಂತ ಒರಟಾಗಿ ಕೇಳಿದೆ.

'ಬರ್ತಿತ್ತು ಮಗಾ. ಚೆನ್ನಾಗೇ ಬರ್ತಿತ್ತು. ಯಾರಿಗೂ ಕೇಳ್ತಿರ್ಲಿಲ್ಲ, ಅಷ್ಟೇ.'

ಆ ಮಾತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಯಾರೂ ಕೇಳದ ಹಾಡನ್ನು ಎರಡು ವರ್ಷ ತಪ್ಪಿಲ್ಲದೆ ಬಾರಿಸಿದ ಈ ಮನುಷ್ಯನ ಮೇಲೆ ಬೆಟ್ಟದಷ್ಟು ಪ್ರೀತಿ ಬಂತು. ಐದು ವಾರದಿಂದ ನನ್ನ ಬಲಗೈ ಓಡುತ್ತಿದ್ದದ್ದು ಅವರ ಬಲಗೈಯ ಹಾಗೆಯೇ. ಶನಿವಾರ ನಾನು ಸ್ಟೇಜಿನ ಮೇಲೆ ಬಾರಿಸಿದರೆ ಕೇಳಿಸುವುದು ಅಪ್ಪನ ಗಿಟಾರು. ನನ್ನ ಮಾನ, ಮೈಸೂರಿನ ಹುಡುಗಿ, ಎಲ್ಲ ಸಣ್ಣ ವಿಷಯವಾಯಿತು. ಬೋಲ್ಟು ಬಿಗಿಯಿರಿ ಕಾಕ ಅಂದೆ.

ಎರಡು ಬೋಲ್ಟು ಬಿಗಿದರು. ಹೊಟ್ಟೆ ಉಬ್ಬಿದ್ದರಿಂದ ತಂತಿಗಳು ಮೇಲೆದ್ದು ನಿಂತಿದ್ದವು, ಒತ್ತಲು ಮೊದಲಿನ ಎರಡರಷ್ಟು ಬಲ ಬೇಕಿತ್ತು. ಸದ್ದಿನಲ್ಲಿ ಒಂದು ಥರದ ಗಡಸು ಸೇರಿಕೊಂಡಿತ್ತು. ನಾನು ಆ ವಾರ ಬೆಳಿಗ್ಗೆ ಸಂಜೆ ಹುಚ್ಚು ಹಿಡಿದವಳ ಹಾಗೆ ಬಾರಿಸಿದೆ. ಅಪ್ಪ ಕಣದಲ್ಲಿ ಕಾಫಿ ಎಳೆಯುತ್ತಾ ತಾಳ ಕೊಟ್ಟರು. ಪಿಕ್ಕಿಂಗ್ ಹೆಂಗಸರಿಗೆ ಸ್ವಾಗತ ಗೀತೆ ಬಾಯಿಪಾಠವಾಗಿ, ಕಾಫಿ ಗಿಡದ ನಡುವಿನಿಂದ ಅತಿಥಿಗಳಿಗೆ ಸುಸ್ವಾಗತ ಕೇಳಿಬರುತ್ತಿತ್ತು.

ಶನಿವಾರ ಸ್ಕೂಲಿನ ಮೈದಾನ ತುಂಬಿತ್ತು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಪ್ಪ ಕೂರಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಸ್ಟೇಜಿನ ಪಕ್ಕದ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತಿದ್ದರು. ನಮ್ಮ ಹೆಸರು ಕರೆದರು. ಹತ್ತಿದೆವು. ಹಾಡುವ ಐವರ ಮುಂದೆ ಎರಡು ಮೈಕು, ನನ್ನ ಮುಂದೆ ಏನೂ ಇಲ್ಲ. ಮೈಕಿನವನನ್ನು ಕೇಳಿದೆ. ಇರುವುದೇ ಎರಡು, ಹಾಡು ಕೇಳಿಸಿದರೆ ಸಾಕು, ನೀನು ಸುಮ್ಮನೆ ಬಾರಿಸು ಅಂದ. ಸುಮ್ಮನೆ ಬಾರಿಸು! ಮೇಡಂ ಕೆಳಗಿನಿಂದ ಶುರು ಮಾಡಿ ಅಂತ ಕೈಸನ್ನೆ ಮಾಡುತ್ತಿದ್ದರು. ನಾನು ಅಪ್ಪನ ಕಡೆ ನೋಡಿದೆ.

ಅಪ್ಪ ನಾಚಿಕೆ ಸ್ವಭಾವದವರು. ಮದುವೆಮನೆಯಲ್ಲಿ ವಾಲಗಕ್ಕೆ ಇಡೀ ಊರು ಕುಣಿಯುವಾಗಲೂ ಕಂಬಕ್ಕೆ ಒರಗಿ ನಿಲ್ಲುವವರು. ಅವರು ಚಪ್ಪಲಿ ಬಿಟ್ಟು ಸ್ಟೇಜಿನ ಮೆಟ್ಟಿಲು ಹತ್ತಿದರು. ಅತಿಥಿಗಳ ಮುಂದೆಯೇ ನೆಟ್ಟಗೆ ನಡೆದು ಬಂದು, ಹುಡುಗಿಯರ ಎರಡು ಮೈಕಿನಲ್ಲಿ ಒಂದನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡರು. ಮೈಕಿನವನು ಏಯ್ ಅಂದ. ಅಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಂದೆ ಮಂಡಿಯೂರಿ ಕೂತು, ಮೈಕನ್ನು ಗಿಟಾರಿನ ತೂತಿನ ಹತ್ತಿರ ಎರಡೂ ಕೈಯಲ್ಲಿ ಹಿಡಿದರು. ತಲೆಯಾಡಿಸಿ ಹೂಂ ಅಂದರು.

ನಾನು ಜಿ ಹಿಡಿದು ಕೈ ಎಳೆದೆ. ಮೈದಾನದ ನಾಲ್ಕು ಮೂಲೆಯ ಸ್ಪೀಕರ್ ಬಾಕ್ಸುಗಳಿಂದ ಆ ಸದ್ದು ಒಟ್ಟಿಗೆ ಎದ್ದು ಬಂದಾಗ ನಾನೇ ಬೆಚ್ಚಿದೆ. ನಮ್ಮ ಕಣದಲ್ಲಿ ಅಷ್ಟು ಸಣ್ಣಗಿದ್ದದ್ದು ಇದೇನಾ ಅನ್ನಿಸಿತು. ಬೋಲ್ಟಿನ ಗಡಸು ಕೂಡ ಬೇಕೆಂದೇ ಸೇರಿಸಿದ ಹಾಗೆ ಕೇಳಿಸಿತು. ಹುಡುಗಿಯರು ಹಾಡಿದರು, ನಾನು ಬಾರಿಸಿದೆ, ಬೆರಳು ಎಲ್ಲೂ ತಪ್ಪಲಿಲ್ಲ. ಅಪ್ಪ ನನ್ನನ್ನಾಗಲೀ ಗಿಟಾರನ್ನಾಗಲೀ ನೋಡುತ್ತಿರಲಿಲ್ಲ. ಮೈಕು ಹಿಡಿದು ಕೂತಲ್ಲೇ ಕತ್ತು ತಿರುಗಿಸಿ, ದೂರದ ಬಾಕ್ಸನ್ನು ನೋಡುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು, ಮೊಯ್ದು ಕಾಕ ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆದರು. ನಾವು ಕೈಮುಗಿದು ಇಳಿಯಬೇಕಿತ್ತು. ಅಪ್ಪ ಏಳಲಿಲ್ಲ. ಮೈಕು ಬಾಯಿಯ ಹತ್ತಿರವೇ ಇದೆ ಅನ್ನುವುದು ಅವರಿಗೆ ಮರೆತೇಹೋಗಿತ್ತು. ನನ್ನೊಬ್ಬಳಿಗೆ ಅಂದುಕೊಂಡು ಹೇಳಿದ ಮಾತು ಮೈದಾನಕ್ಕೆಲ್ಲ ಕೇಳಿಸಿತು.

'ಇನ್ನೊಂದ್ಸಲ ಬಾರ್ಸವ್ವ.'

ಜನರೆಲ್ಲ ನಕ್ಕರು, ಮೇಡಂ ಕೂಡ ನಕ್ಕರು. ನಾನು ಇನ್ನೊಂದು ಸಲ ಬಾರಿಸಿದೆ.